ಸ್ಕ್ಯಾನಿನಲ್ಲಿ ‘ಅಪೆಂಡಿಕ್ಸ್ ಕಾಣಿಸಿಲ್ಲ’ ಅಂತ ಇದ್ದರೆ ಸುಮ್ನೆ ಮನೆಗೆ ಬರಬೇಡಿ

ನನ್ನ ಹೊಟ್ಟೆಯ ಮೇಲೆ ಈಗ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದದ ಹೊಲಿಗೆ ಇದೆ. ಮೂರು ಸಣ್ಣ ತೂತುಗಳಲ್ಲಿ ಮುಗಿಯಬೇಕಿದ್ದ ಕೆಲಸ ಇಲ್ಲಿಗೆ ಬಂದು ನಿಂತಿತು. ಕೂತು ಬರೆಯೋಕೆ ಇನ್ನೂ ಆಗುತ್ತಿಲ್ಲ, ಮಲಗಿಕೊಂಡೇ ಮೊಬೈಲಿನಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಭಾನುವಾರ ರಾತ್ರಿ ಹನ್ನೊಂದರ ಸುಮಾರಿಗೆ ಹೊಕ್ಕುಳ ಸುತ್ತ ನೋವು ಶುರುವಾಯಿತು. ಇಲ್ಲೇ ಅಂತ ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ, ಅಂಗೈ ಇಟ್ಟು ‘ಈ ಕಡೆಯೆಲ್ಲ’ ಅನ್ನಬೇಕಿತ್ತು. ಮುಟ್ಟಿಗೆ ಎರಡು ದಿನ ಬಾಕಿ ಇತ್ತು, ಅದೇ ಇರಬೇಕು ಅಂದುಕೊಂಡೆ. ನಮ್ಮ ಮನೆಯವರು ಗ್ಯಾಸ್ ಅಂದರು. ಗ್ಯಾಸಿನ ಮಾತ್ರೆ ನುಂಗಿದೆ, ಯಾವಾಗಲೋ ಉಳಿದಿದ್ದ ನೋವಿನ ಮಾತ್ರೆ ನುಂಗಿದೆ, ಬಿಸಿನೀರಿನ ಚೀಲ ಹೊಟ್ಟೆ ಮೇಲಿಟ್ಟುಕೊಂಡು ಮಲಗಿದೆ. ರಾತ್ರಿ ಎರಡಕ್ಕೆ ಒಂದು ಸಲ ವಾಂತಿ ಆಯಿತು. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಅಪೆಂಡಿಕ್ಸ್ ಊದಿಕೊಂಡಾಗ ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. ಸುಮ್ನೆ ಹೊಟ್ಟೆ ಕೆಟ್ಟಾಗ ಹೆಚ್ಚಾಗಿ ಉಲ್ಟಾ ಇರುತ್ತದೆ. ಡಾಕ್ಟರ ಹತ್ತಿರ ಹೋದಾಗ ಯಾವುದು ಮೊದಲು ಬಂತು ಅಂತ ಹೇಳಿ, ಅವರು ಕೇಳದಿದ್ದರೂ ಹೇಳಿ. ನಾನು ‘ನೋವು, ವಾಂತಿ ಎರಡೂ ಇದೆ’ ಅಂತ ಒಟ್ಟಿಗೆ ಹೇಳಿಬಿಟ್ಟೆ.

ಬೆಳಿಗ್ಗೆ ಎದ್ದಾಗ ನೋವು ಜಾಗ ಬದಲಾಯಿಸಿತ್ತು. ಈಗ ಬೆರಳಿಟ್ಟು ತೋರಿಸಬಹುದಿತ್ತು, ಬಲಗಡೆ ಕಿಬ್ಬೊಟ್ಟೆಯಲ್ಲಿ. ಸೊಂಟದ ಮೂಳೆಯ ಮುಂದಿನ ತುದಿಯಿಂದ ಹೊಕ್ಕುಳಕ್ಕೆ ಒಂದು ಗೆರೆ ಎಳೆದರೆ ಮೂಳೆಯ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಸಿಗುವ ಜಾಗ ಅದು. ಮ್ಯಾಕ್‌ಬರ್ನಿ ಅನ್ನುವ ಸರ್ಜನ್ 1889ರಲ್ಲೇ ಆ ಜಾಗದ ಬಗ್ಗೆ ಬರೆದಿಟ್ಟಿದ್ದಾರೆ, ಇವತ್ತಿಗೂ ಡಾಕ್ಟರುಗಳು ಅಲ್ಲೇ ಒತ್ತಿ ನೋಡುತ್ತಾರೆ. ನೋವು ಹೀಗೆ ಸರಿಯುವುದಕ್ಕೂ ಕಾರಣ ಇದೆ. ಅಪೆಂಡಿಕ್ಸ್ ಅಂದ್ರೆ ದೊಡ್ಡ ಕರುಳು ಶುರುವಾಗುವ ಕಡೆ ನೇತಾಡುವ ಕಿರುಬೆರಳಿನಂಥ ಕೊಳವೆ. ಗಟ್ಟಿಯಾದ ಮಲದ ಚೂರೋ ಊದಿದ ಗ್ರಂಥಿಯೋ ಅದರ ಬಾಯಿ ಮುಚ್ಚಿದರೆ ಒಳಗೆ ಬಿಗಿಯುತ್ತಾ ಹೋಗುತ್ತದೆ. ಕರುಳಿನ ನರಗಳಿಗೆ ಜಾಗ ಸರಿಯಾಗಿ ಗೊತ್ತಾಗುವುದಿಲ್ಲ, ಹೊಕ್ಕುಳ ಹತ್ತಿರ ಎಲ್ಲೋ ನೋವು ಅನ್ನಿಸುತ್ತದೆ. ಊತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ಜಾಗ ಖಚಿತವಾಗುತ್ತದೆ. ಎಲ್ಲರಿಗೂ ಹೀಗೇ ಆಗಬೇಕು ಅಂತಿಲ್ಲ. ಅಪೆಂಡಿಕ್ಸ್ ಕರುಳಿನ ಹಿಂದೆ ಅಡಗಿದ್ದರೆ ನೋವು ಪಕ್ಕೆಗೆ, ಬೆನ್ನಿಗೆ ಬರಬಹುದು. ಕೆಳಗೆ ಇಳಿದಿದ್ದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸಬಹುದು.

ಆಸ್ಪತ್ರೆಗೆ ಹೋಗುವಾಗ ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ನಾನು ಸೀಟಿನಿಂದ ಮೇಲೆದ್ದು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಮನೆಯವರು ಕೊನೆಕೊನೆಗೆ ಹಂಪ್ ಬಂದರೆ ಮೊದಲೇ ಕೂಗಿ ಹೇಳುತ್ತಿದ್ದರು. ಕೆಮ್ಮಿದರೆ, ಗಾಡಿ ಕುಲುಕಿದರೆ ಒಂದೇ ಜಾಗದಲ್ಲಿ ಚುಚ್ಚಿದ ಹಾಗಾದರೆ ಅದು ಗ್ಯಾಸ್ ಅಲ್ಲ ಅಂತಲೇ ಹಿಡಿದು ಹೋಗಿ. ಇದನ್ನೂ ನಾನು ಡಾಕ್ಟರಿಗೆ ಹೇಳಲಿಲ್ಲ. ಅದು ಹೇಳುವಂಥ ವಿಷಯ ಅಂತಲೇ ಅನ್ನಿಸಿರಲಿಲ್ಲ.

ಅಲ್ಲಿ ಮೂತ್ರ, ರಕ್ತ, ಗರ್ಭದ ಪರೀಕ್ಷೆ ಎಲ್ಲ ಮಾಡಿದರು. ಗರ್ಭದ ಪರೀಕ್ಷೆ ಯಾಕಪ್ಪಾ ಅಂತ ಸಿಟ್ಟು ಮಾಡಿಕೊಂಡೆ, ಅದು ನನ್ನ ತಪ್ಪು. ಗರ್ಭ ನಳಿಕೆಯಲ್ಲಿ ನಿಂತರೂ ಇದೇ ಥರ ನೋವು ಬರುತ್ತದೆ, ಅದು ಒಡೆದರೆ ಪ್ರಾಣಕ್ಕೇ ಸಂಚಕಾರ. ಮೂತ್ರದಲ್ಲಿ ಸ್ವಲ್ಪ ಕೀವುಕಣ ಕಾಣಿಸಿತು. ಬಿಳಿ ರಕ್ತಕಣ 10,200, ನಾರ್ಮಲ್ ಗಡಿಯೊಳಗೇ ಇತ್ತು. ಆಮೇಲೆ ಅಲ್ಟ್ರಾಸೌಂಡ್. ಬಲ ಅಂಡಾಶಯದಲ್ಲಿ ಎರಡು ಸೆಂಟಿಮೀಟರಿನ ನೀರುಗುಳ್ಳೆ ಕಂಡಿತು. ಸಿಕ್ಕಿತಲ್ಲ ಕಳ್ಳ! ಎಲ್ಲರ ಮುಖದಲ್ಲೂ ನಿರಾಳ, ನನ್ನ ಮುಖದಲ್ಲೂ. ಗುಳ್ಳೆಯ ನೋವು, ಜೊತೆಗೆ ಸ್ವಲ್ಪ ಮೂತ್ರದ ಸೋಂಕು, ಮೂರು ದಿನ ಬಿಟ್ಟು ಬನ್ನಿ ಅಂತ ಮಾತ್ರೆ ಬರೆದುಕೊಟ್ಟು ಕಳಿಸಿದರು.

ರಿಪೋರ್ಟಿನ ಕೊನೆಯಲ್ಲಿ, ಸಹಿಗಿಂತ ಒಂದೇ ಸಾಲು ಮೇಲೆ, ಕರುಳಿನ ಗಾಳಿಯಿಂದಾಗಿ ಅಪೆಂಡಿಕ್ಸ್ ಕಾಣಿಸಿಲ್ಲ ಅಂತ ಇತ್ತು. ಅದನ್ನು ನಾನೂ ಓದಿದ್ದೆ. ಕಾಣಿಸಿಲ್ಲ ಅಂದ್ರೆ ಅಲ್ಲೇನೂ ತೊಂದರೆ ಇಲ್ಲ ಅಂತ ತಿಳಿದುಕೊಂಡೆ. ಅಸಲಿಗೆ ಅದರ ಅರ್ಥ ‘ನೋಡೋಕೆ ಆಗಲಿಲ್ಲ’ ಅಂತ ಅಷ್ಟೇ. ಅಲ್ಟ್ರಾಸೌಂಡಿನಲ್ಲಿ ಅಪೆಂಡಿಕ್ಸ್ ಸಿಗದೇ ಹೋಗುವುದು ಮಾಮೂಲು ಅಂತೆ, ಗಾಳಿ ಜಾಸ್ತಿ ಇದ್ದರೆ, ಮೈ ದಪ್ಪ ಇದ್ದರೆ, ಅದು ಕರುಳಿನ ಹಿಂದೆ ಇದ್ದರೆ ಕಾಣುವುದೇ ಇಲ್ಲ. ಇನ್ನು ಆ ಗುಳ್ಳೆ ಇದೆಯಲ್ಲ, ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಎರಡು ಸೆಂಟಿಮೀಟರಿನ ನೀರುಗುಳ್ಳೆ ಪ್ರತಿ ತಿಂಗಳೂ ಬಂದು ಹೋಗುವಂಥದ್ದು, ಅದನ್ನು ರೋಗ ಅನ್ನುವಂತೆಯೇ ಇಲ್ಲ. ಊದಿದ ಅಪೆಂಡಿಕ್ಸ್ ಮೂತ್ರಕೋಶದ ಪಕ್ಕ ಕೂತಿದ್ದರೆ ಮೂತ್ರದಲ್ಲಿ ನಾಲ್ಕು ಕೀವುಕಣ ಕಾಣಿಸುವುದೂ ಉಂಟು. ಬಿಳಿ ಕಣ ಶುರುವಿನಲ್ಲಿ ನಾರ್ಮಲ್ ಇರಬಹುದು. ಕಂಡಿದ್ದರ ಮೇಲೆಲ್ಲ ತಪ್ಪು ಹೊರಿಸಿದೆವು, ಕಾಣದಿದ್ದವನು ಒಳಗೆ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ.

ಸೋಮವಾರ ರಾತ್ರಿ ಜ್ವರ ಬಂತು. ಮಂಗಳವಾರ ಬೆಳಗಿನ ಜಾವ ಒಂದು ವಿಚಿತ್ರ ಆಯಿತು, ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ನೋವು ಇದ್ದಕ್ಕಿದ್ದ ಹಾಗೆ ಇಳಿಯಿತು. ಬಿಗಿದ ಹಗ್ಗ ಬಿಚ್ಚಿದ ಹಾಗೆ. ಮನೆಯವರನ್ನು ಎಬ್ಬಿಸಿ ‘ರೀ, ಮಾತ್ರೆ ಹಿಡೀತು ನೋಡ್ರೀ’ ಅಂದೆ. ನೆಮ್ಮದಿಯಾಗಿ ಎರಡು ಗಂಟೆ ನಿದ್ದೆ ಮಾಡಿದೆ. ಅಪೆಂಡಿಕ್ಸ್ ಒಡೆದದ್ದು ಬಹುಶಃ ಆಗಲೇ ಅಂತ ಸರ್ಜನ್ ಆಮೇಲೆ ಹೇಳಿದರು. ಒಳಗಿನ ಬಿಗಿತ ಹೋಯಿತು, ಅದಕ್ಕೇ ಆರಾಮ. ಎದ್ದಾಗ ಹೊಟ್ಟೆ ಪೂರ್ತಿ ಹಲಗೆಯ ಹಾಗೆ ಗಟ್ಟಿ, 103 ಡಿಗ್ರಿ ಜ್ವರ, ಹಲ್ಲು ಕಟಕಟ ನಡುಕ. ಮಗ್ಗುಲು ಬದಲಿಸುವುದಿರಲಿ, ಉಸಿರು ಎಳೆದುಕೊಳ್ಳೋಕೂ ಹೆದರಿಕೆ.

ಈ ಸಲ ಬೇರೆ ಆಸ್ಪತ್ರೆಗೆ ಹೋದೆವು. ಸರ್ಜನ್ ಒಂದು ಸಲ ಕೆಮ್ಮಿ ಅಂದರು. ಕೆಮ್ಮೋಕೆ ಆಗಲಿಲ್ಲ, ಅಳು ಬಂತು. ‘ನಿನ್ನೆ ಯಾರಾದರೂ ಕೈಯಿಟ್ಟು ಹೊಟ್ಟೆ ಒತ್ತಿ ನೋಡಿದ್ದರಾ?’ ಅಂತ ಕೇಳಿದರು. ನೆನಪು ಮಾಡಿಕೊಂಡೆ. ಬಟ್ಟೆ ಮೇಲಿಂದಲೇ ಒಂದು ಸಲ, ಅದೂ ಕೂತಿದ್ದಾಗ. ಸಿಟಿ ಸ್ಕ್ಯಾನಿನಲ್ಲಿ ಎಲ್ಲ ಕಂಡಿತು, ಒಡೆದ ಅಪೆಂಡಿಕ್ಸು, ಅದರ ಬಾಯಲ್ಲಿ ಸಿಕ್ಕಿಕೊಂಡ ಕಲ್ಲಿನಂಥ ಚೂರು, ಸುತ್ತ ಕೀವು. ತೂತಿನಿಂದಲೇ ಶುರು ಮಾಡಿದ ಆಪರೇಷನ್ ಕೊನೆಗೆ ಹೊಟ್ಟೆ ತೆರೆದೇ ಮುಗಿಸಬೇಕಾಯಿತು. ಒಂಬತ್ತು ದಿನ ಆಸ್ಪತ್ರೆ. ಪಕ್ಕದಲ್ಲಿ ಪೈಪು, ಅದರ ತುದಿಯಲ್ಲಿ ಒಂದು ಚೀಲ. ಬೆಳಿಗ್ಗೆ ನರ್ಸಮ್ಮ ಬಂದು ಚೀಲವನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವಾಗ ನಾನು ಚೀಲ ನೋಡುತ್ತಿರಲಿಲ್ಲ, ಅವರ ಮುಖ ನೋಡುತ್ತಿದ್ದೆ. ಒಡೆಯುವ ಮೊದಲೇ ಹೋಗಿದ್ದರೆ ಎಷ್ಟೋ ಜನ ಒಂದೆರಡು ದಿನದಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಾರೆ.

ಮೊದಲ ಡಾಕ್ಟರನ್ನು ಪೂರ್ತಿ ಬೈಯೋಕೆ ಮನಸ್ಸಿಲ್ಲ. ಹೆಂಗಸರ ಬಲಗಡೆ ಕಿಬ್ಬೊಟ್ಟೆ ನೋವು ನಮಗೂ ತಲೆನೋವೇ ಅಂತ ಸರ್ಜನ್ನೇ ಹೇಳಿದರು. ಆದರೆ ‘ಮೂರು ದಿನ ಬಿಟ್ಟು ಬನ್ನಿ’ ಅಂದದ್ದನ್ನು ಮಾತ್ರ ಕ್ಷಮಿಸೋಕೆ ಆಗುತ್ತಿಲ್ಲ. ಅನುಮಾನ ಇದ್ದರೆ ಅಲ್ಲೇ ಇರಿಸಿಕೊಂಡು ಕೆಲವು ಗಂಟೆ ಬಿಟ್ಟು ಮತ್ತೆ ಒತ್ತಿ ನೋಡಬಹುದು, ರಕ್ತ ಮತ್ತೆ ತೆಗೆಯಬಹುದು, ಸಿಟಿ ಮಾಡಬಹುದು. ಗರ್ಭಿಣಿಯಾದರೆ ಸಿಟಿ ಬದಲು ಎಂಆರ್‌ಐ ಇದೆ. ನಾನು ಕೇಳಬೇಕಿದ್ದದ್ದು ಒಂದೇ ಪ್ರಶ್ನೆ. ‘ಕಾಣಿಸಿಲ್ಲ ಅಂತಿದೆಯಲ್ಲ ಸಾರ್, ಹಾಗಾದರೆ ಅಪೆಂಡಿಕ್ಸ್ ಅಲ್ಲ ಅಂತ ಹೇಗೆ ಗೊತ್ತಾಯಿತು?’

ನೋಡಲು ಬಂದವರೆಲ್ಲ ಕೇಳುವುದು, ಬರೀ ಮಾತ್ರೆಯಲ್ಲಿ ವಾಸಿ ಆಗಲ್ವಾ ಅಂತ. ಒಡೆಯದೇ ಇರುವ ಅಪೆಂಡಿಕ್ಸಿಗೆ ಆಂಟಿಬಯೋಟಿಕ್ ಮಾತ್ರ ಕೊಟ್ಟು ನೋಡುವುದು ಉಂಟು. ಅಮೆರಿಕದಲ್ಲಿ ಮಾಡಿದ ಒಂದು ದೊಡ್ಡ ಅಧ್ಯಯನ 2020ರಲ್ಲಿ ಬಂತು, ಹಾಗೆ ಔಷಧಿ ತಗೊಂಡ ಹತ್ತು ಜನರಲ್ಲಿ ಸುಮಾರು ಮೂವರಿಗೆ 90 ದಿನದೊಳಗೆ ಆಪರೇಷನ್ ಆಗಿತ್ತು. ನನ್ನ ಥರ ಬಾಯಲ್ಲಿ ಕಲ್ಲಿದ್ದವರಿಗೆ ಇನ್ನೂ ಜಾಸ್ತಿ. ಅದು ಸ್ಕ್ಯಾನ್ ಮಾಡಿ, ಸರ್ಜನ್ ಕಣ್ಣಳತೆಯಲ್ಲಿ ಇಟ್ಟುಕೊಂಡು ಮಾಡುವ ಚಿಕಿತ್ಸೆ. ಮನೆಯಲ್ಲಿ ಉಳಿದ ಮಾತ್ರೆ ನುಂಗುವುದಲ್ಲ. ಭೇದಿ ಮಾಡಿಸುವ ಮಾತ್ರೆಯನ್ನಂತೂ ಮುಟ್ಟಲೇಬೇಡಿ, ಕರುಳು ಜೋರಾಗಿ ಹಿಂಡಿದರೆ ಒಡೆಯುವ ಅಪಾಯ ಇದೆ. ಆಸ್ಪತ್ರೆಗೆ ಹೊರಟರೆ ಏನೂ ತಿನ್ನದೆ ಹೋಗಿ, ಆಪರೇಷನ್ ಅಂದರೆ ಹೊಟ್ಟೆ ಖಾಲಿ ಇರಬೇಕು. ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೂ ಬೇಗ ಹೊರಡಿ, ಅವರಿಗೆ ಜಾಗ ತೋರಿಸೋಕೆ ಬರಲ್ಲ, ಒಡೆಯುವುದೂ ಬೇಗ. ವಯಸ್ಸಾದವರಲ್ಲಿ ನೋವೇ ಕಮ್ಮಿ ಇದ್ದು ಮೋಸ ಆಗುತ್ತದೆ.

ಹೊಲಿಗೆಯ ಕೆಳತುದಿ ಒಂದು ಇಂಚಿನಷ್ಟು ಇನ್ನೂ ಕೂಡಿಲ್ಲ. ನಾಳೆ ಮತ್ತೆ ಡ್ರೆಸ್ಸಿಂಗಿಗೆ ಹೋಗಬೇಕು. ದಾರಿಯಲ್ಲಿ ಒಟ್ಟು ಹನ್ನೊಂದು ಹಂಪ್ ಇವೆ.