ಹಳೆ ಹೈಬ್ರಿಡ್, ಉದ್ದದ ದಾರಿ: ಕೊಡಗಿನ ರಸ್ತೆಗೆ ಯಾವ ಹ್ಯಾಂಡಲ್, ಯಾವ ಟೈರ್, ಯಾವ ಗೇರ್?

ಹಳೆ ಹೈಬ್ರಿಡ್ ಸೈಕಲ್ (ರೋಡ್ ಬೈಕ್, ಮೌಂಟನ್ ಬೈಕ್ ಎರಡರ ನಡುವಿನದು) ಇಟ್ಟುಕೊಂಡು 200 ಕಿ.ಮೀ. ಬ್ರೆವೆಗೆ, ಅಂದರೆ ಕೊಟ್ಟ ಸಮಯದೊಳಗೆ ಮುಗಿಸಬೇಕಾದ ಉದ್ದ ಸವಾರಿಗೆ, ಹೋಗುತ್ತೇನೆ ಅಂದರೆ ಸಾಕು, ಅದನ್ನು ಮಾರಿ ರೋಡ್ ಬೈಕ್ ತಗೊಳ್ಳಿ ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. 200 ಕಿ.ಮೀ.ಗೆ ಕೊಡುವ ಸಮಯ ಹದಿಮೂರೂವರೆ ಗಂಟೆ. ಊಟ, ಕಾಫಿ, ಪಂಕ್ಚರ್ ಎಲ್ಲ ಸೇರಿಸಿದರೂ ಗಂಟೆಗೆ 15 ಕಿ.ಮೀ. ಹತ್ತಿರ ಸರಾಸರಿ ಬಂದರೆ ಮುಗಿಯಿತು. ಆರೇಳು ಗಂಟೆ ಆದ ಮೇಲೂ ಕೈ ಜೋಮು ಹಿಡಿಯಬಾರದು, ಏರಿನಲ್ಲಿ ಇಳಿದು ತಳ್ಳುವಂತಾಗಬಾರದು. ನಮಗೆ ಬೇಕಾದದ್ದು ಇಷ್ಟೇ ಅಲ್ವಾ?

ನನ್ನದು ಅಲ್ಯೂಮಿನಿಯಂ ಫ್ರೇಮಿನ ಮಾಮೂಲಿ ಹೈಬ್ರಿಡ್. ಮುಂದೆ ಪೆಡಲ್ ಬಳಿ 48-38-28 ಹಲ್ಲಿನ ಮೂರು ಹಲ್ಲುಚಕ್ರ, ಹಿಂದೆ ಏಳು ಗೇರಿನ 14-28 ಫ್ರೀವೀಲ್ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ, ಚಿಕ್ಕದಕ್ಕೆ 14 ಹಲ್ಲು, ದೊಡ್ಡದಕ್ಕೆ 28), ಎರಡು ಉದ್ದ ತೋಳಿನಿಂದ ರಿಮ್ ಹಿಡಿಯುವ ವಿ-ಬ್ರೇಕ್, 38 ಮಿ.ಮೀ. ಟೈರ್, ಮುಂದೆ ಸ್ಪ್ರಿಂಗ್ ಇರುವ ಸಸ್ಪೆನ್ಶನ್ ಫೋರ್ಕ್. ಸುಂಟಿಕೊಪ್ಪದಿಂದ ಒಂದು ಕಡೆ ತಿರುಗಿದರೆ ಮಡಿಕೇರಿ ಏರು, ಇನ್ನೊಂದು ಕಡೆ ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರಿನ ಬಯಲು. ಎರಡು ಬಗೆಯ ರಸ್ತೆಯೂ ಕೈಗೆಟುಕುವ ದೂರದಲ್ಲೇ ಇರುವುದರಿಂದ ಒಂದೊಂದನ್ನೂ ಹಾಕಿ, ಬಿಚ್ಚಿ, ಹೋಲಿಸಿ ನೋಡಿದ್ದೇನೆ.

ಮೊದಲು ಹ್ಯಾಂಡಲ್. ನೇರ ಹ್ಯಾಂಡಲ್‌ನಲ್ಲಿ ಕೈಗೆ ಒಂದೇ ಜಾಗ. ಅಂಗೈಯ ಹೊರ ಅಂಚಿನ ನರ ಗಂಟೆಗಟ್ಟಲೆ ಒತ್ತಿ ಒತ್ತಿ ಕಿರುಬೆರಳು, ಉಂಗುರಬೆರಳು ಮರಗಟ್ಟುತ್ತವೆ. ಇದಕ್ಕೆ ಮೂರು ದಾರಿಗಳನ್ನು ನೋಡಿದೆ: ನೇರ ಹ್ಯಾಂಡಲ್‌ಗೇ ಬಾರ್ ಎಂಡ್ (ಮುಂದಕ್ಕೆ ಚಾಚುವ ಗಿಡ್ಡ ಕೊಂಬು) ಸೇರಿಸುವುದು, ಚಿಟ್ಟೆಯ ರೆಕ್ಕೆ ಹಾಗೆ ಸುತ್ತಿ ಬಾಗಿದ ಬಟರ್‌ಫ್ಲೈ ಬಾರ್, ರೋಡ್ ಬೈಕಿನ ಹಾಗೆ ಕೆಳಕ್ಕೆ ಬಾಗಿದ ಡ್ರಾಪ್ ಬಾರ್.

ಡ್ರಾಪ್ ಬಾರ್ ನೋಡಲು ಚೆಂದ. ಹುಣಸೂರು ಕಡೆ ಎದುರುಗಾಳಿ ಬೀಸುವಾಗ ತಗ್ಗಿ ಕೂತರೆ ಅದರ ಬೆಲೆ ಗೊತ್ತಾಗುತ್ತದೆ. ಆ ಬಯಲಿನಲ್ಲಿ ಉಳಿದೆರಡೂ ಅದಕ್ಕೆ ಸಮ ಅಲ್ಲ. ಆದರೆ ಹೈಬ್ರಿಡ್‌ಗೆ ಅದನ್ನು ಕೂರಿಸಲು ಹೊರಟರೆ ಒಂದರ ಹಿಂದೆ ಒಂದು ಖರ್ಚು. ನೇರ ಹ್ಯಾಂಡಲ್ 22.2 ಮಿ.ಮೀ. ದಪ್ಪ, ಡ್ರಾಪ್ ಬಾರ್ 23.8. ಹಳೆ ಗೇರ್ ಶಿಫ್ಟರ್, ಬ್ರೇಕ್ ಲಿವರ್ ಎರಡೂ ಅದರ ಮೇಲೆ ಕೂರುವುದಿಲ್ಲ. ಡ್ರಾಪ್ ಬಾರಿನ ಲಿವರ್ ಎಳೆಯುವ ಕೇಬಲ್ ಕಡಿಮೆ, ವಿ-ಬ್ರೇಕ್‌ಗೆ ಬೇಕಾದದ್ದು ಜಾಸ್ತಿ. ಹಾಗಾಗಿ ಮಿನಿ ವಿ-ಬ್ರೇಕ್ ಬೇಕು. ಅದರ ಪ್ಯಾಡ್‌ಗಳು ರಿಮ್‌ಗೆ ತೀರಾ ಹತ್ತಿರ ಕೂರಬೇಕು, ತೋಳೂ ಗಿಡ್ಡ. ದಪ್ಪ ಟೈರ್, ಅದರ ಮೇಲೆ ಮಡ್‌ಗಾರ್ಡ್ ಹಾಕಲು ಜಾಗ ಸಾಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ಊರಿನಲ್ಲಿ ಮಡ್‌ಗಾರ್ಡ್ ಇಲ್ಲದೆ ಉದ್ದ ಸವಾರಿ ಆಗುವ ಮಾತಲ್ಲ. ಸಾಲದ್ದಕ್ಕೆ, ಹೈಬ್ರಿಡ್‌ನ ಮೇಲಿನ ಕೊಳವೆ ಮೊದಲೇ ಉದ್ದ. ಡ್ರಾಪ್ ಬಾರ್ ಇನ್ನಷ್ಟು ಮುಂದಕ್ಕೆ ಚಾಚುವುದರಿಂದ ಹ್ಯಾಂಡಲ್ ಹಿಡಿಯುವ ಸ್ಟೆಮ್ ಕೂಡ ಗಿಡ್ಡದ್ದು ಹಾಕಬೇಕು.

ಬಟರ್‌ಫ್ಲೈ ಬಾರ್ ಇಲ್ಲಿ ಗೆದ್ದಿತು. ಅದೂ 22.2 ಮಿ.ಮೀ. ಇರುವುದರಿಂದ ಹಳೆ ಲಿವರ್, ಹಳೆ ಶಿಫ್ಟರ್ ಹಾಗೇ ಬಂದು ಕೂತವು. ಹತ್ತಿರ ಹಿಡಿದರೆ ನೆಟ್ಟಗೆ ಕೂರಬಹುದು, ಬದಿ ಹಿಡಿದರೆ ಏರಿನಲ್ಲಿ ಎದೆ ಬಿಚ್ಚಿ ಉಸಿರಾಡಬಹುದು, ಮುಂದಿನ ಬಾಗು ಹಿಡಿದರೆ ಬೆನ್ನು ಚಾಚಬಹುದು. ಸಂಪಾಜೆ ಘಾಟಿ ಇಳಿಯುವಾಗ ಮಾತ್ರ ಕೈ ಲಿವರ್ ಬಳಿಯೇ ಇರಬೇಕು, ಮುಂದಿನ ಬಾಗಿನಿಂದ ಬ್ರೇಕ್ ಎಟುಕುವುದಿಲ್ಲ. ಹ್ಯಾಂಡಲ್‌ಗೆ ಸುತ್ತುವ ಟೇಪ್ ಒಂದು ಜೊತೆ ಸಾಲದು, ಎರಡು ಜೊತೆ ತಗೊಳ್ಳಿ. ಸ್ಪಾಂಜ್ ಹೊದಿಕೆ ಬೇಡ. ಮಳೆಯಲ್ಲಿ ನೀರು ಹೀರಿಕೊಂಡು, ಗಟ್ಟಿ ಹಿಡಿದಾಗಲೆಲ್ಲ ಬೆರಳ ಸಂದಿಯಿಂದ ತೋಳಿನ ತನಕ ಇಳಿಯುತ್ತದೆ.

ದುಡ್ಡು ಕಡಿಮೆ ಇದ್ದರೆ ಬಾರ್ ಎಂಡ್ ಸಾಕು. ತುದಿಗೆ ಹಾಕುವ ಬದಲು ಗ್ರಿಪ್‌ನ ಒಳಬದಿಗೆ ಹಾಕಿ. ಕೈ ಹತ್ತಿರ ಬಂದು ಗಾಳಿಯೂ ಸ್ವಲ್ಪ ತಪ್ಪುತ್ತದೆ. ಊರಿನ ಪೇಟೆಯೊಳಗೆ ಅದನ್ನು ಹಿಡಿಯಬೇಡಿ, ಬ್ರೇಕ್ ದೂರ.

ಟೈರ್ ವಿಷಯಕ್ಕೆ ಬಂದರೆ 28, 32, 38 ಮಿ.ಮೀ. ಅಗಲದ ಮೂರನ್ನೂ ಓಡಿಸಿದ್ದೇನೆ. 28ಕ್ಕೆ 85 ಪಿಎಸ್‌ಐ ಒತ್ತಡದ ಗಾಳಿ ಹಾಕಿ ಕುಶಾಲನಗರದ ಹೆದ್ದಾರಿಯಲ್ಲಿ ಹೋದರೆ ಸೈಕಲ್ ಹಾರಿದ ಹಾಗನಿಸುತ್ತದೆ. ಅದೇ ಟೈರ್ ಸಿದ್ದಾಪುರದ ಒಳರಸ್ತೆಗೆ ಬಂದರೆ ಪ್ರತಿ ಜಲ್ಲಿಯೂ ಭುಜಕ್ಕೆ ಗೊತ್ತಾಗುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಟ್ರ್ಯಾಕ್ಟರ್, ಪಿಕಪ್‌ಗಳು ಗೇಟಿನಿಂದ ಮಣ್ಣು ಹೊತ್ತು ತಂದು ಡಾಂಬರಿನ ಮೇಲೆ ಬಿಟ್ಟು ಹೋಗುತ್ತವೆ. ಮರದ ನೆರಳಲ್ಲಿ ರಸ್ತೆ ಬೇಗ ಒಣಗುವುದಿಲ್ಲ, ಅಂಚಿನಲ್ಲಿ ಪಾಚಿ. ಅಲ್ಲಿ 28 ಜಾರುತ್ತದೆ. 38 ಎಲ್ಲೂ ಕೈ ಕೊಡುವುದಿಲ್ಲ, ಆದರೆ ಅದರ ಗಂಟುಗಂಟಿನ ಹಲ್ಲು ದಿನವಿಡೀ ಶಕ್ತಿ ತಿನ್ನುತ್ತದೆ. ನನ್ನ ಆಯ್ಕೆ ನುಣುಪು ಹಲ್ಲಿನ 32, 65 ಪಿಎಸ್‌ಐ ಸುತ್ತಮುತ್ತ, ಪಂಕ್ಚರ್ ತಡೆಯುವ ಪದರ ಇರುವ ಶ್ವಾಲ್ಬೆ ಮ್ಯಾರಥಾನ್ ತರಹದ್ದು. ಬದಿಯಲ್ಲಿ ಬೆಳಕಿಗೆ ಹೊಳೆಯುವ ಪಟ್ಟಿಯೂ ಇದೆ, ಮಂಜಿನಲ್ಲಿ ಅದು ಬಹಳ ಒಳ್ಳೆಯದು.

ಗೇರ್‌ಗೆ ಎರಡು ದಾರಿ. ಹಿಂದೆ 14-34 ಫ್ರೀವೀಲ್ ಹಾಕುವುದು, ಇಲ್ಲವೇ ಮುಂದೆ 42-34-24 ಹಲ್ಲಿನ ಕ್ರ್ಯಾಂಕ್ (ಪೆಡಲ್ ತೋಳು, ಮುಂದಿನ ಹಲ್ಲುಚಕ್ರಗಳ ಸೆಟ್). ಪೆಡಲ್ ಒಂದು ಸುತ್ತಿಗೆ ಸೈಕಲ್ ಕಡಿಮೆ ದೂರ ಹೋದಷ್ಟೂ ಏರಿನಲ್ಲಿ ತುಳಿಯುವುದು ಹಗುರ. ಮೊದಲಿದ್ದ 28-28ರಲ್ಲಿ (ಮುಂದೆ 28, ಹಿಂದೆ 28 ಹಲ್ಲು) ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 2.15 ಮೀಟರ್ ಹೋಗುತ್ತಿತ್ತು. ಹಿಂದೆ 34 ಹಲ್ಲಿಗೆ ಅದು 1.77 ಮೀಟರ್‌ಗೆ ಇಳಿಯಿತು. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಆ ವ್ಯತ್ಯಾಸ ಮೊಣಕಾಲಿಗೆ ಗೊತ್ತು. ತೊಂದರೆ ಏನೆಂದರೆ, ಶಿಮಾನೋ ಮೆಗಾರೇಂಜ್ ಫ್ರೀವೀಲ್‌ನಲ್ಲಿ 24 ಆದ ಮೇಲೆ ನೇರ 34. ನಡುವೆ ಏನೂ ಇಲ್ಲ. ಬದಲಿಸಿದ ಕ್ಷಣ ಕಾಲು ಸುಮ್ನೆ ಗಾಳಿಯಲ್ಲಿ ತಿರುಗಿದ ಹಾಗಾಗಿ ಲಯ ತಪ್ಪುತ್ತದೆ. ಕ್ರ್ಯಾಂಕ್ ಬದಲಿಸಿದರೆ ಕೆಳಗಿನ ಗೇರ್ 1.84 ಮೀಟರ್, ಹಿಂದಿನ ಹಲ್ಲುಗಳ ಅಂತರ ಸಮವಾಗೇ ಉಳಿಯುತ್ತದೆ. ಇಳಿಜಾರಿನಲ್ಲಿ ವೇಗ ಸ್ವಲ್ಪ ಬೇಗ ಮುಗಿಯುತ್ತದೆ ನಿಜ, ಆದರೆ ಘಾಟಿಯಲ್ಲಿ ಪೆಡಲ್ ತುಳಿಯುವವರು ಯಾರು? ಓಡಿಸಲು ನನಗೆ ಹಿತವಾದದ್ದು ಕ್ರ್ಯಾಂಕ್. ಖರ್ಚು ನೋಡುವವರಿಗೆ ಫ್ರೀವೀಲ್. ಕೆಲವು ಹಳೆ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 28 ಹಲ್ಲಿನ ತನಕ ಮಾತ್ರ ಎಟುಕುತ್ತವೆ, ಕೊಳ್ಳುವ ಮುಂಚೆ ನೋಡಿಕೊಳ್ಳಿ. ಚೈನ್ ಕೂಡ ಒಂದೆರಡು ಕೊಂಡಿ ಉದ್ದ ಬೇಕಾಗಬಹುದು.

ಇನ್ನು ಫೋರ್ಕ್. ಸಸ್ಪೆನ್ಶನ್ ತೆಗೆದು ಗಟ್ಟಿ ಸ್ಟೀಲ್ ಫೋರ್ಕ್ ಹಾಕಿದರೆ ಭಾರ ಇಳಿಯುತ್ತದೆ, ಎದ್ದು ತುಳಿಯುವಾಗ ಮುಂಭಾಗ ಕುಸಿಯುವುದಿಲ್ಲ. 32 ಟೈರ್ ಇದ್ದರೆ ಸಸ್ಪೆನ್ಶನ್ ನೆನಪಾಗುವುದೂ ಕಡಿಮೆ. ಆಕ್ಸೆಲ್‌ನಿಂದ ಫೋರ್ಕಿನ ತಲೆಯವರೆಗಿನ ಅಳತೆ ಬರೆದುಕೊಂಡು ಅಂಗಡಿಗೆ ಹೋಗಿ. ಸಸ್ಪೆನ್ಶನ್ ಫೋರ್ಕ್ ಅಳೆಯುವಾಗ ನೀವು ಕೂತಾಗ ಅದು ತಗ್ಗುವಷ್ಟನ್ನು ಕಳೆಯಬೇಕು. ತೀರಾ ಗಿಡ್ಡ ಫೋರ್ಕ್ ಹಾಕಿದರೆ ಸೈಕಲ್ ಮುಂದಕ್ಕೆ ವಾಲಿ ಹ್ಯಾಂಡಲ್ ಚಂಚಲವಾಗುತ್ತದೆ, ಒದ್ದೆ ತಿರುವಿನಲ್ಲಿ ಅದು ಒಳ್ಳೆಯದಲ್ಲ. ಮಡ್‌ಗಾರ್ಡ್ ಕಟ್ಟುವ ತೂತು ಇದೆಯೇ ಅನ್ನುವುದನ್ನೂ ಆಗಲೇ ನೋಡಿ.