ಕೆಡುತ್ತಿರುವ ಹಾರ್ಡ್ ಡಿಸ್ಕಿನಿಂದ ಫೈಲ್ ಉಳಿಸಲು ಯಾವುದು ಒಳ್ಳೆಯದು? ನಾನು ಹೋಲಿಸಿ ನೋಡಿದ್ದು

ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ತಾಳಮದ್ದಳೆ ರೆಕಾರ್ಡ್ ಮಾಡಿ ಇಟ್ಟವರು ತುಂಬ ಜನ ಇದ್ದಾರೆ. ಮೊದಲು ಅದು ಕ್ಯಾಸೆಟ್ಟಿನಲ್ಲಿ ಇತ್ತು. ಈಗ ಎಲ್ಲವೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ನಮ್ಮ ಸಂಘದ ಡಿಸ್ಕ್ ಕೈಕೊಡಲು ಶುರು ಮಾಡಿದಾಗ ನನಗೆ ನಿಜವಾಗಿಯೂ ಹೆದರಿಕೆ ಆಯಿತು. ಅದರಲ್ಲಿ ಅರ್ಥ ಹೇಳಿದವರಲ್ಲಿ ಕೆಲವರು ಈಗ ಇಲ್ಲ. ಮತ್ತೆ ರೆಕಾರ್ಡ್ ಮಾಡೋಣ ಅಂದರೆ ಆಗುತ್ತದಾ? ಹಾಗಾಗಿ ಆ ಡಿಸ್ಕನ್ನು ಮುಟ್ಟುವ ಮೊದಲು, ಬೇಕಾದ್ದೇನೂ ಇಲ್ಲದ ಹಳೆ ಲ್ಯಾಪ್‌ಟಾಪಿನ ಕೆಟ್ಟ ಡಿಸ್ಕೊಂದರ ಮೇಲೆ ಎಲ್ಲ ದಾರಿಗಳನ್ನೂ ಓಡಿಸಿ ನೋಡಿದೆ.

ಫೈಲ್ ಹುಡುಕುವ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಡಿಸ್ಕ್ ಇನ್ನೂ ಓದಿಸಿಕೊಳ್ಳುತ್ತಿರುವಾಗಲೇ ಅದರ ಪೂರ್ತಿ ನಕಲು ತೆಗೆಯುವುದು ಹೇಗೆ ಅನ್ನುವುದೇ ಮೊದಲನೆಯದು. ಹುಡುಕುವ ಕೆಲಸವೆಲ್ಲ ನಕಲಿನ ಮೇಲೆ ನಡೆಯಬೇಕು.

ಇದೆಲ್ಲ ಡಿಸ್ಕ್ ತಿರುಗುತ್ತಾ ಇದ್ದು, ಕಂಪ್ಯೂಟರಿಗೆ ಕಾಣಿಸುತ್ತಿದ್ದರೆ ಮಾತ್ರ. ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬರುತ್ತಿದ್ದರೆ ಹೆಚ್ಚಾಗಿ ಒಳಗೆ ಡಿಸ್ಕನ್ನು ಓದುವ ಹೆಡ್ ಹೋಗಿರುತ್ತದೆ. ಆಗ ಯಾವ ಸಾಫ್ಟ್‌ವೇರೂ ಬೇಡ, ಕೂಡಲೇ ವಯರ್ ತೆಗೆಯಿರಿ. ಸದ್ದಿಲ್ಲದೆ ಬರೀ ನಿಧಾನ ಆಗಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವನ್ನು ನೋಡಿ. 5, 197, 198 ಈ ಮೂರು ಮುಖ್ಯ. ಆ ಸಾಫ್ಟ್‌ವೇರ್ ಅವನ್ನು 05, ಸಿ5, ಸಿ6 ಎಂದು ತೋರಿಸುತ್ತದೆ. 197 ಸೊನ್ನೆ ಬಿಟ್ಟು ಏರುತ್ತಿದ್ದರೆ, ಓದಲಾಗದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು) ಜಾಸ್ತಿ ಆಗುತ್ತಿವೆ ಎಂದರ್ಥ.

ವಿಂಡೋಸಿನಲ್ಲಿ ಸುಮ್ನೆ ಕಾಪಿ–ಪೇಸ್ಟ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕೆಟ್ಟ ಡಿಸ್ಕಿಗೆ ಇದು ಆಗದು. ಓದಲಾಗದ ಒಂದು ಜಾಗ ಸಿಕ್ಕಿತು ಅಂದರೆ ಅಲ್ಲೇ ನಿಲ್ಲುತ್ತದೆ. ಅದನ್ನೇ ಮತ್ತೆ ಮತ್ತೆ ಓದಿಸಿ ಡಿಸ್ಕನ್ನು ದಣಿಸುತ್ತದೆ. ಜೊತೆಗೆ ಡಿಸ್ಕ್ ಸಿಕ್ಕಿಸಿದ ಕೂಡಲೇ ವಿಂಡೋಸ್ 'ಸರಿಪಡಿಸಲಾ' ಎಂದು ಕೇಳುತ್ತದೆ. ದಯವಿಟ್ಟು ಹೂಂ ಅನ್ನಬೇಡಿ. ಚೆಕ್‌ಡಿಸ್ಕ್ ಆ ಡಿಸ್ಕಿನ ಮೇಲೆಯೇ ಬರೆಯುತ್ತದೆ. ರೆಕುವಾದಂಥ ಸಾಫ್ಟ್‌ವೇರ್‌ಗಳು ಆರೋಗ್ಯವಾಗಿರುವ ಡಿಸ್ಕಿನಲ್ಲಿ ಕೈತಪ್ಪಿ ಅಳಿಸಿದ ಫೈಲ್ ತೆಗೆಯಲು ಸರಿ. ಆ ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ, ಆದರೆ ಇದು ಅದರ ಕೆಲಸ ಅಲ್ಲ.

ಲಿನಕ್ಸಿನ ಹಳೆಯ ಡಿಡಿ ಎಂಬ ಆದೇಶ ಪೂರ್ತಿ ಡಿಸ್ಕನ್ನು ನಕಲು ಮಾಡುತ್ತದೆ. ಆದರೆ ಮೊದಲ ದೋಷಕ್ಕೇ ನಿಂತುಬಿಡುತ್ತದೆ. 'ನೋಎರರ್' ಎಂದು ಕೊಟ್ಟರೆ ಮುಂದೆ ಹೋಗುತ್ತದೆ, ಆದರೆ ಜೊತೆಗೆ 'ಸಿಂಕ್' ಕೊಡದಿದ್ದರೆ ಬಿಟ್ಟ ಜಾಗದ ನಂತರದ ಎಲ್ಲವೂ ನಕಲಿನಲ್ಲಿ ಹಿಂದಕ್ಕೆ ಜರುಗುತ್ತದೆ. ಎರಡೂ ಕೊಟ್ಟರೂ ಎಲ್ಲಿ ತಪ್ಪಿತು ಎಂಬ ಲೆಕ್ಕವನ್ನು ಅದು ಇಡುವುದಿಲ್ಲ. ನಡುವೆ ನಿಂತರೆ ಎಲ್ಲಿಂದ ಮುಂದುವರಿಸುವುದು ಎಂದು ನಾವೇ ಲೆಕ್ಕ ಹಾಕಬೇಕು.

ಇಲ್ಲೇ ಗ್ನೂ ಡಿಡಿರೆಸ್ಕ್ಯೂ ಗೆಲ್ಲುವುದು. ಅದು ಮೊದಲು ಸುಲಭವಾಗಿ ಓದಿಸಿಕೊಳ್ಳುವ ಜಾಗವನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ತೊಂದರೆ ಕೊಡುವ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಆಮೇಲೆ ವಾಪಸ್ ಬಂದು, ಹಿಂದುಮುಂದಿನ ಎರಡೂ ದಿಕ್ಕಿನಿಂದ ಓದಿ, ಉಳಿದದ್ದನ್ನು ಕೊನೆಗೆ ಕೆರೆದು ತೆಗೆಯುತ್ತದೆ. ಸಾಯುತ್ತಿರುವ ಡಿಸ್ಕಿನಿಂದ ಮೊದಲ ಗಂಟೆಗಳಲ್ಲಿ ಜಾಸ್ತಿ ಸಿಗುವುದು ಈ ಕ್ರಮದಿಂದಲೇ. ನಾನು ಮೊದಲ ಸುತ್ತಿನಲ್ಲಿ ಕೆರೆಯುವ ಹಂತ ಬೇಡ ಎಂದು 'ಎನ್' ಆಯ್ಕೆ ಕೊಟ್ಟೆ. ಎರಡನೇ ಸುತ್ತಿನಲ್ಲಿ ಅದನ್ನು ತೆಗೆದು, 'ಆರ್' ಆಯ್ಕೆಯಲ್ಲಿ ಮೂರು ಸಲ ಮರುಪ್ರಯತ್ನಿಸಲು ಹೇಳಿದೆ.

ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದರ ಮ್ಯಾಪ್‌ಫೈಲ್. ಯಾವ ಜಾಗ ಬಂತು, ಯಾವುದು ಬಾಕಿ ಎಂದು ಅದರಲ್ಲಿ ಬರೆದಿಡುತ್ತಾ ಹೋಗುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲ ಗೊತ್ತಲ್ವಾ, ಗುಡುಗು ಶುರುವಾದರೆ ಕರೆಂಟ್ ಹೋಯಿತು ಎಂದೇ ಲೆಕ್ಕ. ಸಿಡಿಲಿಗೆ ಹೆದರಿ ನಾವೇ ಪ್ಲಗ್ ತೆಗೆಯುವುದೂ ಇದೆ. ಡಿಡಿಯಲ್ಲಾದರೆ ತಲೆನೋವು. ಇಲ್ಲಿ ಅದೇ ಮ್ಯಾಪ್‌ಫೈಲ್ ಕೊಟ್ಟು ಅದೇ ಆದೇಶವನ್ನು ಮತ್ತೆ ಓಡಿಸಿದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಉಬುಂಟುವಿನಲ್ಲಿ ಈ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಹೆಸರಿನ ನಡುವೆ ಅಡಿಗೆರೆ ಇರುವ ಡಿಡಿ_ರೆಸ್ಕ್ಯೂ ಬೇರೆಯೇ ಪ್ರೋಗ್ರಾಮ್. ನಾನು ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿದೆ, ಅದರಲ್ಲಿ ಇದು ಮೊದಲೇ ಇರುತ್ತದೆ. ಆದೇಶದಲ್ಲಿ ಮೂಲ ಡಿಸ್ಕಿನ ಹೆಸರು ಮೊದಲು ಬರಬೇಕು, ನಕಲು ಎರಡನೆಯದು, ಮ್ಯಾಪ್‌ಫೈಲ್ ಮೂರನೆಯದು. ಡಿಸ್ಕಿನಿಂದ ಡಿಸ್ಕಿಗೇ ನಕಲು ಮಾಡುವಾಗ ಮೊದಲಿನ ಎರಡು ಅದಲುಬದಲಾದರೆ ಎಲ್ಲ ಮುಗಿಯಿತು. ಅದಕ್ಕೆ ಮೊದಲು ಡಿಸ್ಕಿನ ಗಾತ್ರ, ಮಾಡೆಲ್ ನೋಡಿ ಖಚಿತ ಮಾಡಿಕೊಳ್ಳಿ. ನಕಲನ್ನು ಫೈಲಾಗಿ ಇಡುವುದಾದರೆ ಅದನ್ನು ಇಡುವ ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು. ಅದರಲ್ಲಿ 4 ಜಿಬಿಯಷ್ಟು ದೊಡ್ಡ ಫೈಲ್ ಹಿಡಿಸುವುದಿಲ್ಲ.

ಡಿಸ್ಕನ್ನು ಯುಎಸ್‌ಬಿಯಲ್ಲಿ ಸಿಕ್ಕಿಸುವುದೋ, ಕಂಪ್ಯೂಟರಿನ ಒಳಗಿನ ಸಾಟಾ ಕಿಂಡಿಗೋ ಎಂಬುದೂ ಮುಖ್ಯ. ಯುಎಸ್‌ಬಿ ಪೆಟ್ಟಿಗೆಯಲ್ಲಿ ಇದ್ದಾಗ ಡಿಸ್ಕ್ ಆಗಾಗ ಮಾಯವಾಗಿ ಬೇರೆ ಹೆಸರಿನಲ್ಲಿ ಮತ್ತೆ ಬರುತ್ತಿತ್ತು. ಪೆಟ್ಟಿಗೆಯಿಂದ ತೆಗೆದು ಡೆಸ್ಕ್‌ಟಾಪಿನ ಸಾಟಾಕ್ಕೆ ನೇರ ಸಿಕ್ಕಿಸಿದ ಮೇಲೆ ಕೆಲಸ ತಡೆಯಿಲ್ಲದೆ ಸಾಗಿತು. ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ ಮಾತ್ರ ಯುಎಸ್‌ಬಿ ಕಿಂಡಿ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ. ಅದಕ್ಕೆ ಈ ದಾರಿ ಇಲ್ಲ.

ಇನ್ನು ನಕಲಿನ ಮೇಲೆ ಹುಡುಕುವುದು. ಟೆಸ್ಟ್‌ಡಿಸ್ಕ್, ಡಿಎಂಡಿಇ, ಫೋಟೋರೆಕ್ ಮೂರನ್ನೂ ಒಂದೇ ನಕಲಿನ ಮೇಲೆ ಓಡಿಸಿದೆ. ಪಾರ್ಟಿಷನ್ (ಡಿಸ್ಕಿನ ವಿಭಾಗ) ಮಾತ್ರ ಕಾಣೆಯಾಗಿದ್ದರೆ ಟೆಸ್ಟ್‌ಡಿಸ್ಕ್ ಸಾಕು, ಬೇಗ ಮುಗಿಯುತ್ತದೆ.

ಫೋಟೋರೆಕ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಎಲ್ಲರೂ ಅದನ್ನೇ ಹೇಳಿಕೊಡುತ್ತಾರೆ. ಅದು ಫೈಲ್ ಸಿಸ್ಟಮನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಎಂದು ಡಿಸ್ಕಿನಲ್ಲಿ ಇರುವ ಪಟ್ಟಿಯನ್ನು, ನೋಡುವುದೇ ಇಲ್ಲ. ಪ್ರತಿ ಬಗೆಯ ಫೈಲಿನ ಆರಂಭದ ಗುರುತನ್ನು ಹುಡುಕಿ ಎತ್ತುತ್ತದೆ. ಆದ್ದರಿಂದ ಹೆಸರೂ ಇಲ್ಲ, ಫೋಲ್ಡರೂ ಇಲ್ಲ. ಮದುವೆ ಫೋಟೋಗಳಿಗಾದರೆ ನಡೆಯುತ್ತದೆ, ನೋಡಿದ ಕೂಡಲೇ ಯಾರದ್ದೆಂದು ಗೊತ್ತಾಗುತ್ತದೆ. ನಮ್ಮ ರೆಕಾರ್ಡಿಂಗ್‌ಗಳಲ್ಲಿ ಪ್ರಸಂಗ, ಊರು, ತಾರೀಕು, ಭಾಗವತರು ಎಲ್ಲ ಇದ್ದದ್ದು ಫೈಲಿನ ಹೆಸರಿನಲ್ಲೇ. ಫೋಟೋರೆಕ್ ಕೊಟ್ಟದ್ದು ಬರೀ ನಂಬರಿನ ರಾಶಿ. ಕೇಳಿದರೆ 'ವಾಲಿವಧೆ' ಎಂದು ಗೊತ್ತಾಗುತ್ತದೆ. ಆದರೆ ಯಾವ ವರ್ಷದ್ದು, ಎಲ್ಲಿಯದ್ದು? ಅದು ಹೋದರೆ ದಾಖಲೆಯ ಅರ್ಧ ಬೆಲೆ ಹೋದ ಹಾಗೆ. ಚೂರುಚೂರಾಗಿ ಹರಡಿಕೊಂಡಿರುವ ದೊಡ್ಡ ವಿಡಿಯೋಗಳೂ ಅದರಲ್ಲಿ ಮುರಿದು ಬರುತ್ತವೆ.

ಡಿಎಂಡಿಇ ವಿಂಡೋಸಿನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್‌ನಲ್ಲಿ ಉಳಿದಿರುವ ದಾಖಲೆಗಳನ್ನು ಸೇರಿಸಿ ಫೋಲ್ಡರಿನ ಮರವನ್ನೇ ಮತ್ತೆ ಕಟ್ಟುತ್ತದೆ. ಹೆಸರು, ತಾರೀಕು ಸಮೇತ ಬಂದದ್ದು ಇದರಲ್ಲಿ. ಉಚಿತ ಆವೃತ್ತಿಯಲ್ಲಿ ಒಮ್ಮೆಗೆ ತೆರೆದ ಒಂದು ಫೋಲ್ಡರಿನಿಂದ 4000 ಫೈಲ್ ತನಕ ತೆಗೆಯಬಹುದು. ಒಳಫೋಲ್ಡರ್ ಒಂದೊಂದನ್ನೇ ತೆರೆಯಬೇಕು, ತಾಳ್ಮೆ ಬೇಕು. ಆದರೂ ನನ್ನ ಆಯ್ಕೆ ಇದೇ. ಇದರಲ್ಲಿ ಸಿಗದೆ ಉಳಿದದ್ದಕ್ಕೆ ಮಾತ್ರ ಫೋಟೋರೆಕ್.

ಫ್ರಿಜ್ಜಿನಲ್ಲಿ ಇಡುವ ಉಪಾಯವನ್ನು ನಾನು ಪರೀಕ್ಷಿಸಲಿಲ್ಲ, ನೀವೂ ಮಾಡಬೇಡಿ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ತಣ್ಣಗಿನ ಡಿಸ್ಕ್ ಹೊರಗೆ ತೆಗೆದರೆ ನೀರು ಕಟ್ಟುತ್ತದೆ. ಅದೇ ಮಾಡೆಲಿನ ಬೇರೆ ಬೋರ್ಡ್ ತಂದು ಹಾಕುವುದೂ ಸಾಮಾನ್ಯವಾಗಿ ಆಗುವುದಿಲ್ಲ. ಆ ಡಿಸ್ಕಿಗೇ ಹೊಂದಿಸಿದ ಮಾಹಿತಿ ಹಳೆ ಬೋರ್ಡಿನ ರೋಮ್ ಚಿಪ್ಪಿನಲ್ಲಿ ಇರುತ್ತದೆ.

ಹೆಡ್ ಹೋದರೆ ಮಾತ್ರ ದೂಳಿಲ್ಲದ ಕೋಣೆ ಇರುವ ಲ್ಯಾಬಿಗೇ ಕಳಿಸಬೇಕು. ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಊರಿನ ಕಂಪ್ಯೂಟರ್ ಅಂಗಡಿಗೆ ಕೊಡುವುದಾದರೆ ಒಂದು ಮಾತು ಮೊದಲೇ ಕೇಳಿ: "ಮೊದಲು ಪೂರ್ತಿ ನಕಲು ತೆಗೆದು, ಆಮೇಲೆ ಅದರಲ್ಲಿ ಹುಡುಕುತ್ತೀರಾ?" ನಾನು ವಿಚಾರಿಸಿದ ಒಂದು ಕಡೆ, ಡಿಸ್ಕಿನ ಮೇಲೆಯೇ ಸಾಫ್ಟ್‌ವೇರ್ ಓಡಿಸುತ್ತೇವೆ ಎಂದರು. ಇನ್ನೊಂದು ಕಡೆ, ನಕಲಿಗೆ ಖಾಲಿ ಡಿಸ್ಕ್ ನೀವೇ ತನ್ನಿ ಎಂದರು. ಕೊಡುವುದಾದರೆ ಎರಡನೆಯವರಿಗೆ ಕೊಡಿ.