ಪೋರ್ಚುಗಲ್‌ಗೆ ಹೋದರೆ ಡೌರೊ ಕಣಿವೆಯ ರೈಲು ತಪ್ಪಿಸಬೇಡಿ

ಪೋರ್ಚುಗಲ್‌ಗೆ ಹೋದವರು ಲಿಸ್ಬನ್, ಸಿಂಟ್ರಾ, ದಕ್ಷಿಣದ ಬೀಚುಗಳು ಇಷ್ಟನ್ನೇ ಸುತ್ತಿ ವಾಪಸ್ ಬರುವುದು ಜಾಸ್ತಿ. ದಯವಿಟ್ಟು ಒಂದು ಇಡೀ ದಿನ ಉತ್ತರದ ಪೋರ್ಟೊ ನಗರದಿಂದ ಡೌರೊ ನದಿಯ ಕಣಿವೆಯಲ್ಲಿ ಪೂರ್ವದ ಪೊಸಿನ್ಯೊ ಊರಿಗೆ ಹೋಗುವ ಡೌರೊ ಲೈನಿನ ರೈಲಿಗೆ ಎತ್ತಿಡಿ. ಆ ದೇಶದ ನೆಲ, ಮಳೆ, ಬೆಳೆ ಹೇಗೆ ಒಂದಕ್ಕೊಂದು ಹೊಂದಿಕೊಂಡಿವೆ ಅನ್ನುವುದು ಕಿಟಕಿಯಲ್ಲೇ ಗೊತ್ತಾಗುತ್ತದೆ.

ದೇಶ ಚಿಕ್ಕದು. ಸುಮಾರು 92,000 ಚದರ ಕಿ.ಮೀ., ಕರ್ನಾಟಕದ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆ. ಜನ ಒಂದು ಕೋಟಿಗೆ ತುಸು ಮೇಲೆ. ಉತ್ತರಕ್ಕೂ ಪೂರ್ವಕ್ಕೂ ಸ್ಪೇನ್, ಪಶ್ಚಿಮಕ್ಕೂ ದಕ್ಷಿಣಕ್ಕೂ ಅಟ್ಲಾಂಟಿಕ್, ಅಷ್ಟೇ. ಮೆಡಿಟರೇನಿಯನ್ ದಂಡೆ ಒಂದಿಂಚೂ ಇಲ್ಲ.

ರೈಲು ಹತ್ತುವ ಮೊದಲು ಪೋರ್ಟೊದ ಸಾವೊ ಬೆಂಟೊ ನಿಲ್ದಾಣ ನೋಡಿ. 1916ರಲ್ಲಿ ಶುರುವಾದದ್ದು, ಒಳಗೋಡೆಯ ತುಂಬ ಸುಮಾರು 20,000 ನೀಲಿ ಹೆಂಚುಗಳಲ್ಲಿ ದೇಶದ ಇತಿಹಾಸ ಬರೆದಿದ್ದಾರೆ. ಹೊರಟ ಮೇಲೆ ಮೊದಲ ಒಂದು ಗಂಟೆ ಅಂಥದ್ದೇನಿಲ್ಲ, ಊರುಗಳು, ಮೆಕ್ಕೆಜೋಳದ ಹೊಲ, ಹಸಿರು. ಆಮೇಲೆ ರೈಲು ನದಿ ದಂಡೆಗೆ ಇಳಿಯುತ್ತದೆ, ಅಲ್ಲಿಂದ ಕೊನೆಯವರೆಗೂ ನೀರಿನ ಪಕ್ಕದಲ್ಲೇ.

ನನಗೆ ತುಂಬ ಹಿಡಿಸಿದ್ದು ಮಳೆಯ ಆಟ. ಪೋರ್ಟೊದಲ್ಲಿ ವರ್ಷಕ್ಕೆ ಸುಮಾರು 1,200 ಮಿ.ಮೀ. ಮಳೆ. ಸಮುದ್ರದಿಂದ ಬರುವ ಮೋಡಗಳನ್ನು 1,415 ಮೀಟರ್ ಎತ್ತರದ ಮರಾವ್ ಬೆಟ್ಟಸಾಲು ತಡೆಯುತ್ತದೆ, ಹಾಗಾಗಿ ಅದರ ಹಿಂದಿನ ಕಣಿವೆ ಪೂರ್ವಕ್ಕೆ ಹೋದಷ್ಟೂ ಒಣಗುತ್ತಾ ಹೋಗುತ್ತದೆ. ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋದ ಹಾಗೆ, ಅಲ್ವಾ? ಈ ಒಣ ಬಿಸಿಲು, ಬೇರು ಆಳಕ್ಕೆ ಇಳಿಯಲು ಬಿಡುವ ಸೀಳು ಸೀಳಾದ ಪದರಗಲ್ಲು, ಇವೆರಡೂ ಸೇರಿ ದ್ರಾಕ್ಷಿಗೆ ಹೇಳಿಮಾಡಿಸಿದ ಜಾಗವಾಗಿದೆ. ಪೋರ್ಟ್ ವೈನ್ ಬರುವುದು ಇಲ್ಲಿಂದಲೇ. 1756ರಲ್ಲೇ ಸರ್ಕಾರ ಈ ವೈನ್ ಪ್ರದೇಶಕ್ಕೆ ಗಡಿ ಗುರುತು ಮಾಡಿತ್ತು. ಕಡಿದಾದ ಬೆಟ್ಟಗಳಿಗೆ ಕಲ್ಲುಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದ್ದಾರೆ. ಎಷ್ಟು ತಲೆಮಾರುಗಳ ಕೈ ಇದರಲ್ಲಿ ಸವೆದಿರಬೇಕು! 2001ರಲ್ಲಿ ಈ ಪ್ರದೇಶ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಫೆರಡೋಸಾ ಸೇತುವೆ ದಾಟಿದ ಮೇಲೆ ನದಿ ಎಡಕ್ಕೆ ಬರುತ್ತದೆ, ಆಗ ಸೀಟು ಬದಲಿಸಿ. ಆ ಸೇತುವೆಗೂ ಮೊದಲೇ ಸಿಗುವ ಪಿನ್ಯಾವ್ ನಿಲ್ದಾಣದಲ್ಲೂ ದ್ರಾಕ್ಷಿ ಕೊಯ್ಲಿನ ಚಿತ್ರವಿರುವ ಹೆಂಚುಗಳಿವೆ, ಇಳಿದು ನೋಡಬೇಕು. ಹೆಚ್ಚಿನವರು ಅಲ್ಲಿಂದಲೇ ವಾಪಸ್ ತಿರುಗುತ್ತಾರೆ, ಆದರೆ ಚೆಂದದ ಭಾಗ ಅದರ ಮುಂದಿದೆ. ರಸ್ತೆಯೇ ಕಾಣದ ಕಡೆ ರೈಲು ಮಾತ್ರ ಹೋಗುತ್ತದೆ.

ಕೊರತೆಗಳೂ ಇವೆ. ಕೊನೆಯವರೆಗೆ ಪೂರ್ತಿ ಹೋಗಲು ಮೂರು ಗಂಟೆಗೂ ಜಾಸ್ತಿ ಬೇಕು, ಕೊನೆಯವರೆಗೆ ಹೋಗುವ ಗಾಡಿಗಳು ದಿನಕ್ಕೆ ಕೆಲವೇ, ಹಾಗಾಗಿ ವಾಪಸ್ ಬರುವ ಸಮಯ ಮೊದಲೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ಕಣಿವೆ 40 ಡಿಗ್ರಿ ದಾಟುವುದುಂಟು. ನೀರು, ಬುತ್ತಿ ಕಟ್ಟಿಕೊಂಡೇ ಹೋಗಿ. ನಾನು ಊಟಕ್ಕೆ ಹೋದ ನದಿ ದಂಡೆಯ ಹೋಟೆಲಿನಲ್ಲಿ ಬೆಲೆ ಜಾಸ್ತಿ, ಮೀನು ತಣ್ಣಗಾಗಿತ್ತು. ಟಿಕೆಟ್ ಮಾತ್ರ ದೋಣಿ ಟೂರುಗಳ ಮುಂದೆ ತುಂಬ ಅಗ್ಗ.

ಮೊದಲು ಈ ಹಳಿ ಸ್ಪೇನ್‌ವರೆಗೂ ಇತ್ತು. ಪೊಸಿನ್ಯೊದಿಂದ ಗಡಿವರೆಗಿನ ತುಂಡನ್ನು 1988ರಲ್ಲಿ ಮುಚ್ಚಿದರು. ಅದನ್ನು ಮತ್ತೆ ತೆರೆಯಲೇಬೇಕು.